ಲಡಾಖಿನ ಒಂದು ಮೋರಿ ಕಾಮಗಾರಿ: ಚಳಿಯ ರಕ್ಷಣಾ ಉಡುಪು ಎಲ್ಲಿ ಸೋತಿತು?

ಪೂರ್ವ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿ, ಒಂದು ರಸ್ತೆಗೆ ಕಾಂಕ್ರೀಟ್ ಮೋರಿ ಮತ್ತು ಅದರ ಎರಡೂ ಬದಿಗೆ ಮಣ್ಣು ತಡೆಯುವ ರೆಕ್ಕೆಗೋಡೆ ಕಟ್ಟುವ ಕೆಲಸ ನಡೆದಿತ್ತು. ಅದು 2022ರ ಅಕ್ಟೋಬರ್. ನವೆಂಬರ್ ಮಧ್ಯದ ಹೊತ್ತಿಗೆ ಅಲ್ಲಿ ಕಾಂಕ್ರೀಟ್ ಕೆಲಸಕ್ಕೆ ಬೀಗ ಬೀಳುವುದರಿಂದ ಗುತ್ತಿಗೆದಾರರಿಗೆ ಅವಸರ. ಕೆಲಸ ಮಾತ್ರ ದಿನದಿಂದ ದಿನಕ್ಕೆ ನಿಧಾನವಾಗುತ್ತಿತ್ತು. ಕಾಂಕ್ರೀಟಿನ ಗುಣಮಟ್ಟ ನೋಡುವ ಸಲಹಾ ತಂಡದಲ್ಲಿದ್ದ ನನಗೆ ಗುತ್ತಿಗೆದಾರರ ಮೇಲ್ವಿಚಾರಕರು ಕೊಟ್ಟ ಕಾರಣ ಒಂದೇ: "ಕೈಗವಸು ಕೊಟ್ಟರೆ ಕಳಚಿ ಎಸೆಯುತ್ತಾರೆ, ಹೆಲ್ಮೆಟ್ ಕೊಟ್ಟರೆ ಗೂಟಕ್ಕೆ ನೇತುಹಾಕುತ್ತಾರೆ. ಆಮೇಲೆ ಚಳಿ ಎಂದು ಡೇರೆಗೆ ಹೋಗಿ ಕೂರುತ್ತಾರೆ. ಇವರಿಗೆ ಶಿಸ್ತಿಲ್ಲ."

ಈ ಮಾತು ಹಿಮಾಲಯದ ಕಾಮಗಾರಿಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆಯೆಂದರೆ, ಅದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಆ ಜಾಗದಲ್ಲಿ ಅದನ್ನು ಪರೀಕ್ಷಿಸಬೇಕಾದ ಪರಿಸ್ಥಿತಿ ಬಂತು. ಒಬ್ಬ ಯುವಕನ ಎರಡೂ ಕೈಗಳ ಬೆರಳುಗಳಿಗೆ ಗಾಯವಾಗಿ ಅವನನ್ನು ಲೇಹ್‌ಗೆ ಸಾಗಿಸಬೇಕಾಯಿತು.

ಕೆಲಸಗಾರರಲ್ಲಿ ಬಹುಪಾಲು ಜಾರ್ಖಂಡಿನ ದುಮ್ಕಾ ಜಿಲ್ಲೆಯವರು, ಹೆಚ್ಚಿನವರು ಸಂತಾಲರು. ಲಡಾಖಿನ ಗಡಿ ರಸ್ತೆಗಳಲ್ಲಿ ದುಮ್ಕಾದ ಕೈಗಳು ದಶಕಗಳಿಂದ ದುಡಿಯುತ್ತಿವೆ. 2020ರ ಲಾಕ್‌ಡೌನಿನಲ್ಲಿ ಜಾರ್ಖಂಡ್ ಸರ್ಕಾರ ಅಲ್ಲಿ ಸಿಲುಕಿದ್ದ ಅರವತ್ತು ಮಂದಿಯನ್ನು ಮೇ ತಿಂಗಳ ಕೊನೆಯಲ್ಲಿ ವಿಮಾನದಲ್ಲಿ ಕರೆತಂದಿತು. ಎರಡು ವಾರದಲ್ಲೇ, ಜೂನ್ 13ರಂದು, ಸುಮಾರು 1,600 ಮಂದಿಯನ್ನು ಹೊತ್ತ ವಿಶೇಷ ರೈಲು ದುಮ್ಕಾದಿಂದ ಮತ್ತೆ ಲಡಾಖಿನ ಹಾದಿ ಹಿಡಿಯಿತು. ಊರಿನಲ್ಲಿ ಇವರು ಕಂಡ ಚಳಿಗಾಲವೆಂದರೆ ರಾತ್ರಿಯ ಹತ್ತು ಡಿಗ್ರಿಯ ಆಸುಪಾಸು. ಇಲ್ಲಿ ಅಕ್ಟೋಬರಿನ ಬೆಳಗಿನ ಆರು ಗಂಟೆಗೆ ಮೈನಸ್ ಹತ್ತು, ಮಧ್ಯಾಹ್ನದ ಬಿಸಿಲಿನಲ್ಲಿ ಆರೇಳು ಡಿಗ್ರಿ. ಮಧ್ಯಾಹ್ನ ಕಳೆದರೆ ಗಾಳಿ ಏಳುತ್ತದೆ. ಮೈನಸ್ ಹತ್ತರಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ ಇಪ್ಪತ್ತರ ಚಳಿ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ 58ರಷ್ಟು ಮಾತ್ರ. ಹೀಗಿರುವಾಗ ದೇಹ ಹೃದಯ, ಶ್ವಾಸಕೋಶಗಳನ್ನು ಬೆಚ್ಚಗಿಟ್ಟುಕೊಳ್ಳಲು ಕೈಕಾಲಿನ ರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಲಸ ಮಾಡಬೇಕಾದ ಬೆರಳುಗಳೇ ಮೊದಲು ತಣ್ಣಗಾಗುತ್ತವೆ.

ವಿತರಣೆಯ ವಹಿಯನ್ನು ತೆರೆದು ನೋಡಿದರೆ ತಪ್ಪು ಹುಡುಕುವುದು ಕಷ್ಟ. ಪ್ರತಿ ಹೆಸರಿನ ಮುಂದೆ ಹೆಲ್ಮೆಟ್, ಹತ್ತಿ ತುಂಬಿದ ಜಾಕೆಟ್, ಉಣ್ಣೆ ಟೋಪಿ, ಗಂಬೂಟು, ಎರಡು ಜೊತೆ ಕೈಗವಸು, ಬೆಳಕಿಗೆ ಹೊಳೆಯುವ ಪಟ್ಟಿಯ ಮೇಲಂಗಿ. ಅದರ ಮುಂದೆ ಸಹಿ ಅಥವಾ ಹೆಬ್ಬೆಟ್ಟು. ಬೂಟಿನ ಮಟ್ಟಿಗೆ ಕಾನೂನಿನ ಲೆಕ್ಕವೂ ಸರಿಯಿತ್ತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ ರೂಪಿಸಿದ 1998ರ ಕೇಂದ್ರ ನಿಯಮಗಳು ಒದ್ದೆ ಕಾಂಕ್ರೀಟಿನಲ್ಲಿ ದುಡಿಯುವವರಿಗೆ ನೀರು ಒಳಬಿಡದ ಬೂಟು ಕೊಡಬೇಕೆನ್ನುತ್ತಿದ್ದವು, ಕೊಟ್ಟಿದ್ದರು. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆಗೆ 1980ರಲ್ಲಿ ಬಂದ ಕೇಂದ್ರ ನಿಯಮಗಳಲ್ಲಂತೂ ಚಳಿಯ ಉಡುಪಿನ ಪ್ರಸ್ತಾಪ ನೇರವಾಗಿಯೇ ಇತ್ತು. ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿಯುವ ಕಡೆ ಎರಡು ವರ್ಷಕ್ಕೊಮ್ಮೆ ಉಣ್ಣೆಯ ಕೋಟು, ಪ್ಯಾಂಟು. 5 ಡಿಗ್ರಿಗಿಂತ ಕೆಳಗಿಳಿದರೆ ಮೂರು ವರ್ಷಕ್ಕೊಮ್ಮೆ ಉಣ್ಣೆಯ ಓವರ್‌ಕೋಟು. ಒಬ್ಬ ಗುಮಾಸ್ತ ಫ್ಯಾನಿನಡಿ ಕುಳಿತು ತನಗೆ ಗೊತ್ತಿದ್ದ ಚಳಿಗೆ ಬರೆದ ಪಟ್ಟಿ ಇದು ಎಂದು ನನಗೆ ಓದುವಾಗಲೆಲ್ಲ ಅನ್ನಿಸುತ್ತದೆ. ಓವರ್‌ಕೋಟು ತೊಟ್ಟು ಯಾರೂ ಕಂಬಿ ಕಟ್ಟಲಾರರು. (ಈ ಎರಡೂ ಕಾಯ್ದೆಗಳು ಈಗ 2020ರ ವೃತ್ತಿ ಸುರಕ್ಷತಾ ಸಂಹಿತೆಯೊಳಗೆ ಸೇರಿಹೋಗಿವೆ. ಆ ಸಂಹಿತೆ ಜಾರಿಯಾದದ್ದು 2025ರ ನವೆಂಬರ್ 21ರಂದು.)

ಕೈಯ ಕಥೆ

ಗಾಯಗೊಂಡ ಯುವಕನ ಕೆಲಸ ರೆಕ್ಕೆಗೋಡೆಯ ಸೆಂಟ್ರಿಂಗ್ ಹಲಗೆಗಳ ನಡುವೆ ಮಾಲು (ಕಲಸಿದ ಹಸಿ ಕಾಂಕ್ರೀಟು) ಸುರಿಯುವಾಗ ಅದನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಕೊಳವೆ ಹಿಡಿಯುವುದು, ಮೂಲೆಗಳಲ್ಲಿ ಮಾಲನ್ನು ಕೈಯಿಂದ ಒತ್ತುವುದು. ಅವನಿಗೆ ಸಿಕ್ಕಿದ್ದು ಹೆಣೆದ ಹತ್ತಿಯ ಕೈಗವಸು ಒಂದು ಜೊತೆ, ಅಂಗೈಗೆ ತೊಗಲು ಹೊಲಿದದ್ದು ಒಂದು ಜೊತೆ. ತೊಗಲಿನದು ಹಿಂದಿನ ದಿನವೇ ನೆನೆದಿತ್ತು. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಹಲಗೆಯಂತಾಗಿತ್ತು, ಬೆರಳು ಒಳಗೆ ಹೋಗಲಿಲ್ಲ. ಹತ್ತಿಯದನ್ನು ತೊಟ್ಟು ಹೋದ. ಅರ್ಧ ಗಂಟೆಯಲ್ಲಿ ಅದು ಸಿಮೆಂಟ್ ನೀರು ಕುಡಿದು ಭಾರವಾಯಿತು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗದಲ್ಲಿ ಶಾಖವನ್ನು ಸಾಗಿಸುತ್ತದೆ. ಅಂದರೆ ನೆನೆದ ಕೈಗವಸಿಗಿಂತ ಒಣಗಿದ ಬರಿಗೈ ಎಷ್ಟೋ ವಾಸಿ. ಅವನು ಕೈಗವಸು ಕಳಚಿದ. ಮೇಲ್ವಿಚಾರಕರು ಶಿಸ್ತಿಲ್ಲ ಎಂದು ಕರೆದದ್ದು ಈ ಗಳಿಗೆಯನ್ನು. ನನ್ನ ದೃಷ್ಟಿಯಲ್ಲಿ ಅವನ ಕೈಯಲ್ಲಿದ್ದ ಎರಡು ದಾರಿಗಳಲ್ಲಿ ಅವನು ಆರಿಸಿಕೊಂಡದ್ದು ಕಡಿಮೆ ಕೆಟ್ಟದ್ದನ್ನು.

ಮುಂದಿನದನ್ನು ನಿರ್ಮಾಣ ಕ್ಷೇತ್ರದಲ್ಲಿರುವವರೆಲ್ಲ ತಿಳಿದಿರಬೇಕು. ಹಸಿ ಕಾಂಕ್ರೀಟಿನ ಕ್ಷಾರತೆ ತುಂಬ ಹೆಚ್ಚು, ಅದರ ಪಿಎಚ್ 12ರಿಂದ 13. ಅದು ಚರ್ಮವನ್ನು ನಿಧಾನವಾಗಿ ಸುಡುತ್ತದೆ, ಸುಡಲು ಶುರುವಾದಾಗ ಹೆಚ್ಚು ನೋವಿರುವುದಿಲ್ಲ. ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಕೆಲಸ ಮಾಡುವ ಮೇಸ್ತ್ರಿಗೆ ಒಂದೆರಡು ಗಂಟೆಯಲ್ಲಿ ಕೈ ಚುರುಗುಟ್ಟುತ್ತದೆ, ಹೋಗಿ ತೊಳೆದುಕೊಳ್ಳುತ್ತಾನೆ. ಮೈನಸ್ ಡಿಗ್ರಿಯಲ್ಲಿ ಮರಗಟ್ಟಿದ ಕೈಗೆ ಆ ಚುರುಕು ತಿಳಿಯುವುದೇ ಇಲ್ಲ. ಯುವಕನಿಗೂ ತಿಳಿಯಲಿಲ್ಲ. ಸಂಜೆ ಡೇರೆಯಲ್ಲಿ ಕೈ ಬೆಚ್ಚಗಾದ ಮೇಲೆ ನೋವು ಒಮ್ಮೆಲೇ ಬಂತು. ಬೆರಳ ಗೆಣ್ಣುಗಳ ಮೇಲೆ ಕಡಲೆಕಾಳಿನಷ್ಟು ಅಗಲದ ಬೂದುಬಣ್ಣದ ಕುಳಿಗಳು, ತುದಿಗಳು ಮೇಣದಂತೆ ಬೆಳ್ಳಗೆ. ಒಂದೇ ಕೈಯಲ್ಲಿ ಸಿಮೆಂಟಿನ ಸುಟ್ಟಗಾಯವೂ ಹಿಮಕಡಿತದ ಮೊದಲ ಹಂತವೂ ಇದ್ದವು. ಅವನು ಅದುವರೆಗೆ ಯಾರ ಬಳಿಯೂ ದೂರಿರಲಿಲ್ಲ.

ಬೆಚ್ಚಗಾದ ರೀತಿಯನ್ನೂ ಹೇಳಬೇಕು. ಕಾಂಕ್ರೀಟಿಗೆಂದು ಡ್ರಮ್ಮಿನಲ್ಲಿ ನೀರು ಕಾಯಿಸುತ್ತಿದ್ದರು. ಕೆಲಸಗಾರರು ಮೇಲ್ವಿಚಾರಕರ ಕಣ್ಣು ತಪ್ಪಿಸಿ ಆ ಡ್ರಮ್ಮಿಗೆ ಕೈ ಅದ್ದಿ ಬರುತ್ತಿದ್ದರು. ಮರಗಟ್ಟಿದ ಕೈಗೆ ನೀರು ಎಷ್ಟು ಬಿಸಿ ಎಂಬ ಅಂದಾಜು ಸಿಗುವುದಿಲ್ಲ. ಇಬ್ಬರ ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು.

ಈ ಡ್ರಮ್ಮಿನ ಮುಂದೆ ನಿಂತಾಗ ನನಗೆ ಪ್ರಕರಣದ ತಿರುಳು ಕಂಡಿತು. ಕಾಂಕ್ರೀಟಿಗೆ ನಮ್ಮ ದೇಶದಲ್ಲಿ ಚಳಿಯ ಸಂಹಿತೆಯಿದೆ: ಐಎಸ್ 7861, ಎರಡನೆಯ ಭಾಗ, 1981. ಸುತ್ತಲಿನ ಉಷ್ಣಾಂಶ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಚಳಿಯ ಕಾಂಕ್ರೀಟ್ ಕೆಲಸ. ನೀರು ಕಾಯಿಸಬೇಕು, ಜಲ್ಲಿಯ ಮೇಲಿನ ಹಿಮ ತೆಗೆಯಬೇಕು, ಸುರಿದದ್ದಕ್ಕೆ ಹೊದಿಸಬೇಕು, ಉಷ್ಣಾಂಶ ಬರೆದಿಡಬೇಕು. ಆ ಜಾಗದಲ್ಲಿ ಇದನ್ನೆಲ್ಲ ನಿಷ್ಠೆಯಿಂದ ಮಾಡುತ್ತಿದ್ದರು. ರೆಕ್ಕೆಗೋಡೆಯ ಮೇಲೆ ಗೋಣಿ, ಅದರ ಮೇಲೆ ಟಾರ್ಪಾಲು, ಒಳಗೆ ಥರ್ಮಾಮೀಟರು, ರಾತ್ರಿ ಹಗಲು ವಹಿಯಲ್ಲಿ ಅಂಕಿಗಳು. ನಾನು ಬಂದದ್ದೇ ಆ ಅಂಕಿಗಳನ್ನು ನೋಡಲು, ಅವು ಸರಿಯಾಗಿದ್ದವು. ಗೋಡೆಯನ್ನು ಸುರಿದ ಕೈಗಳ ಬಗ್ಗೆ ಬರೆಯುವ ವಹಿ ಯಾವುದೂ ಇರಲಿಲ್ಲ. ಕಾಂಕ್ರೀಟಿಗೆ ಕೊಟ್ಟ ಅದೇ ತಾಂತ್ರಿಕ ಗಮನವನ್ನು ಮನುಷ್ಯನಿಗೂ ಕೊಡಬೇಕು ಎಂಬುದಷ್ಟೇ ನನ್ನ ವಾದ. ಅದು ದಯೆಯ ಮಾತಲ್ಲ, ಎಂಜಿನಿಯರಿಂಗಿನ ಮಾತು.

ಕಂಬಿ ಕಟ್ಟುವವರ ತೊಂದರೆ ಬೇರೆಯೇ ಇತ್ತು. ಅವರ ಕೈ ನೆನೆಯುವುದಿಲ್ಲ. ಆದರೆ ಮೈನಸ್ ಎಂಟು ಡಿಗ್ರಿಯ ಕಬ್ಬಿಣವನ್ನು ಹೊತ್ತಿಡೀ ಹಿಡಿದಿರಬೇಕು, ಬೈಂಡಿಂಗ್ ವೈರನ್ನು ಮಡಚಿ ಕೊಕ್ಕೆಗೆ ಸಿಕ್ಕಿಸಿ ತಿರುಚಬೇಕು. ತೊಗಲಿನ ದಪ್ಪ ಕೈಗವಸಿನಲ್ಲಿ ತಂತಿ ಬೆರಳಿಗೆ ಸಿಗುವುದಿಲ್ಲ. ಅವರೆಲ್ಲ ಹೆಬ್ಬೆರಳು, ತೋರುಬೆರಳಿನ ತುದಿಯನ್ನು ಕತ್ತರಿಸಿಕೊಂಡಿದ್ದರು. ವಹಿಯ ಪ್ರಕಾರ ಅದು ಸಾಮಗ್ರಿ ಹಾಳುಮಾಡಿದ್ದು, ಕೂಲಿಯಲ್ಲಿ ಮುರಿದುಕೊಳ್ಳುವುದಾಗಿಯೂ ಹೇಳಿದ್ದರಂತೆ. "ಸಾಹೇಬರೇ, ಬೆರಳಿಲ್ಲದೆ ಗಂಟು ಬೀಳುವುದಿಲ್ಲ, ಗಂಟು ಬೀಳದಿದ್ದರೆ ಹಾಜರಿ ಬೀಳುವುದಿಲ್ಲ" ಎಂದರು ಅವರ ಗುಂಪಿನ ಮುಖ್ಯಸ್ಥರಾದ ಮೇಟ್. ಇಪ್ಪತ್ತು ವರ್ಷದಿಂದ ಋತುವಿಗೆ ಋತು ಲಡಾಖಿಗೆ ಬರುತ್ತಿರುವ ಮನುಷ್ಯ. ಮುಂದೆ ಯಾವ ಕೆಲಸಕ್ಕೆ ಯಾವ ಕೈಗವಸು ಎಂದು ನಿರ್ಧರಿಸುವಾಗ ನಾವು ಕೂತದ್ದು ಅವರ ಜೊತೆ.

ಯಾವುದನ್ನು ತರಿಸಿದೆವು

ಮಾಲಿನ ಕೆಲಸಕ್ಕೆ ಮೊಣಕೈವರೆಗೆ ಬರುವ, ಬಟ್ಟೆಯ ಅಸ್ತರಿನ ಪಿವಿಸಿ ಕೈಗವಸು, ಅದರೊಳಗೆ ಬೇರೆಯಾಗಿ ತೊಡುವ ತೆಳು ಉಣ್ಣೆಯ ಕೈಗವಸು. ಒಳಗಿನದು ಬೆವರಿಗೆ ನೆನೆದರೆ ಬದಲಿಸಲು ಒಬ್ಬೊಬ್ಬರಿಗೂ ಹೆಚ್ಚುವರಿ ಜೊತೆಗಳು. ಕಂಬಿಯವರಿಗೆ ಕೈಗೆ ಅಂಟಿ ಕೂರುವ, ಒಳಗೆ ನುಣುಪು ಜುಂಗಿನ ಅಕ್ರಿಲಿಕ್, ಅಂಗೈಗೆ ಲೇಟೆಕ್ಸ್ ಅದ್ದಿದ ಕೈಗವಸು. ಇದು ಮೀನು ಶೀತಲಗೃಹಗಳಲ್ಲಿ ಬಳಕೆಯಲ್ಲಿರುವುದರಿಂದ ದೆಹಲಿಯ ಮಾರುಕಟ್ಟೆಯಲ್ಲಿ ಸಿಗುತ್ತದೆ, ತೊಗಲಿನದಕ್ಕಿಂತ ದುಬಾರಿಯೇನಲ್ಲ. ಇಂಥದ್ದನ್ನು ಕೊಳ್ಳುವವರು ಒಂದು ಗುರುತು ನೋಡಬೇಕು. ಐರೋಪ್ಯ ಮಾನದಂಡ ಇಎನ್ 511ರ ಹಿಮಹರಳಿನ ಚಿತ್ರದ ಕೆಳಗೆ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಗಾಳಿಯ ಚಳಿಗೆ, ಎರಡನೆಯದು ತಣ್ಣನೆಯ ವಸ್ತು ಮುಟ್ಟುವಾಗಿನ ಚಳಿಗೆ; ಇವೆರಡೂ 0ಯಿಂದ 4ರವರೆಗೆ. ಮೂರನೆಯದು ನೀರಿಗೆ, ಅಲ್ಲಿ 0 ಇದ್ದರೆ ನೀರು ಒಳಗೆ ನುಗ್ಗುತ್ತದೆ ಎಂದು ತಿಳಿಯಬೇಕು, 1 ಇದ್ದರೆ ತಡೆಯುತ್ತದೆ. ಕಂಬಿಯವರಿಗೆ ಎರಡನೆಯ ಅಂಕಿ ಮುಖ್ಯ, ಮಾಲಿನವರಿಗೆ ಮೂರನೆಯದು. ಖರೀದಿ ಆದೇಶದಲ್ಲಿ "ಚಳಿಯ ಕೈಗವಸು, ಒಳ್ಳೆಯ ಗುಣಮಟ್ಟದ್ದು" ಎಂದು ಬರೆದರೆ ಏನು ಬರುತ್ತದೆಯೋ ಅದೇ ಮೊದಲ ಸಲ ಬಂದಿತ್ತು.

ಕಾಲಿನ ತೊಂದರೆ ಕೈಯಷ್ಟು ಎದ್ದು ಕಾಣುತ್ತಿರಲಿಲ್ಲ. ಬೂಟು ಬಿಚ್ಚಿ ತೋರಿಸಿ ಎಂದಾಗ ಬಹಳ ಜನ ಹಿಂಜರಿದರು. ಅರ್ಧಕ್ಕಿಂತ ಹೆಚ್ಚು ಮಂದಿಯ ಕಾಲ್ಬೆರಳು ಕೆಂಪಗೆ ಊದಿಕೊಂಡು ತುರಿಸುತ್ತಿದ್ದವು. ಗಂಬೂಟಿನ ರಬ್ಬರು ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ಬೆವರನ್ನೂ ಹೊರಬಿಡುವುದಿಲ್ಲ. ಚಳಿಯನ್ನಂತೂ ಅದು ತಡೆಯುವುದೇ ಇಲ್ಲ. ಅದಕ್ಕೆ ಅಳತೆಯ ತೊಂದರೆ ಬೇರೆ. ಬಂದದ್ದೆಲ್ಲ ಎಂಟು, ಒಂಬತ್ತು, ಹತ್ತನೆಯ ಅಳತೆಯವು, ಇವರಲ್ಲಿ ಹಲವರ ಕಾಲು ಆರು, ಏಳು. ಸಡಿಲವಾದ ಬೂಟಿಗೆ ಸಿಮೆಂಟ್ ಚೀಲದ ಕಾಗದ ತುರುಕಿಕೊಂಡಿದ್ದರು. ದೊಡ್ಡ ಕಾಲಿನ ಕೆಲವರು ಇರುವ ಬೂಟಿನೊಳಗೆ ಮೂರು ಮೂರು ಕಾಲುಚೀಲ ತೊಟ್ಟು ಬಿಗಿ ಮಾಡಿಕೊಂಡು, ರಕ್ತ ಓಡದಂತೆ ತಾವೇ ಕಟ್ಟುಹಾಕಿಕೊಂಡಂತಾಗಿತ್ತು. ಹೆಚ್ಚು ಚಳಿಯಾದರೆ ಹೆಚ್ಚು ಕಾಲುಚೀಲ ಎಂದು ಎಲ್ಲರೂ ನಂಬಿರುತ್ತಾರೆ. ಬೂಟಿನೊಳಗೆ ಬೆರಳು ಆಡಿಸಲು ಜಾಗವಿಲ್ಲದಿದ್ದರೆ ಎರಡನೆಯ ಕಾಲುಚೀಲ ತಂಪನ್ನೇ ತರುತ್ತದೆ. ಹೊರತೆಗೆದು ಒಣಗಿಸಬಹುದಾದ ಫೆಲ್ಟಿನ ಒಳಪದರವಿರುವ ಗಂಬೂಟು, ಕಾಲಿಗಿಂತ ಒಂದು ಅಳತೆ ದೊಡ್ಡದು, ಉಣ್ಣೆಯ ಕಾಲುಚೀಲ ಮೂರು ಜೊತೆ ಎಂದು ಬರೆದೆವು. ಒಂದು ಕಾಲಲ್ಲಿ, ಒಂದು ಜೇಬಿನಲ್ಲಿ, ಒಂದು ಬುಖಾರಿಯ, ಅಂದರೆ ಡೇರೆ ಬೆಚ್ಚಗಿಡುವ ಒಲೆಯ, ಹತ್ತಿರ. ಕಂಬಿಯವರ ಬೂಟಿನ ಉಕ್ಕಿನ ಮೂತಿ ಚಳಿಯನ್ನು ಬೆರಳಿಗೆ ತಾಗಿಸುತ್ತದೆ. ಲೋಹವಿಲ್ಲದ ಕಾಂಪೊಸಿಟ್ ಮೂತಿಯದು ಆ ಋತುವಿನಲ್ಲಿ ಸಿಗಲಿಲ್ಲ.

ಹೆಲ್ಮೆಟ್ ಗೂಟಕ್ಕೇರಿದ ಕಾರಣವೂ ಸರಳ. ದಪ್ಪ ಉಣ್ಣೆ ಟೋಪಿಯ ಮೇಲೆ ಅದು ಕೂರುವುದಿಲ್ಲ, ಬಗ್ಗಿದರೆ ಬೀಳುತ್ತದೆ. ಟೋಪಿಯೋ ಹೆಲ್ಮೆಟ್ಟೋ ಎಂದು ಆರಿಸಬೇಕಾಗಿ ಬಂದಾಗ ಅವರು ಕಿವಿಯನ್ನು ಉಳಿಸಿಕೊಂಡಿದ್ದರು. ಮುಖ, ಕಿವಿ, ಕುತ್ತಿಗೆ ಮುಚ್ಚುವ ತೆಳು ಮಂಕಿ ಕ್ಯಾಪ್, ತಲೆಯ ಹಿಂದೆ ತಿರುಗಿಸಿ ಬಿಗಿಸುವ ಗುಂಡಿಯಿರುವ ಹೆಲ್ಮೆಟ್, ಗದ್ದದ ಪಟ್ಟಿ. ಇಷ್ಟರಲ್ಲಿ ತೊಂದರೆ ಮುಗಿಯಿತು. ಹೊಳೆಯುವ ಪಟ್ಟಿಯ ಮೇಲಂಗಿ ಜಾಕೆಟಿನ ಮೇಲೆ ಹಿಡಿಸದೆ ಎಲ್ಲರೂ ಅದನ್ನು ಒಳಗೆ ತೊಟ್ಟಿದ್ದರು. ಮುಂಜಾನೆಯ ಮಂಜಿನಲ್ಲಿ ಹಿಂದಕ್ಕೆ ಬರುವ ಟಿಪ್ಪರಿನ ಚಾಲಕನಿಗೆ ಕಂದು ಜಾಕೆಟ್ ತೊಟ್ಟವರು ಕಾಣುವುದಾದರೂ ಹೇಗೆ? ದೊಡ್ಡ ಅಳತೆಯವನ್ನು ತರಿಸಲು ಒಂದು ಫೋನ್ ಕರೆ ಸಾಕಾಯಿತು. ಕಪ್ಪು ಕನ್ನಡಕ ಯಾರಿಗೂ ಕೊಟ್ಟಿರಲಿಲ್ಲ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ಕಣ್ಣಿಗೆ ತಿರುಗಿಸುತ್ತದೆ ಎಂಬುದನ್ನು ಸೈನ್ಯದವರಿಗೆ ಮೊದಲ ದಿನವೇ ಹೇಳುತ್ತಾರೆ, ರಸ್ತೆ ಕೆಲಸಗಾರರಿಗೆ ಯಾರೂ ಹೇಳುವುದಿಲ್ಲ.

ಮೈಯ ಉಡುಪಿನಲ್ಲಿ ಬದಲಾದದ್ದು ಒಳಗಿನ ಪದರ. ಎಲ್ಲರೂ ಊರಿಂದ ತಂದ ಹತ್ತಿಯ ಬನಿಯನ್ ಮೇಲೆ ಹತ್ತಿಯ ಅಂಗಿ, ಅದರ ಮೇಲೆ ನೇರವಾಗಿ ದಪ್ಪ ಜಾಕೆಟ್ ತೊಡುತ್ತಿದ್ದರು. ಬಾಂಡ್ಲಿ ಹೊತ್ತು ಏರು ಹತ್ತುವಾಗ ಬೆವರುತ್ತಾರೆ, ಬನಿಯನ್ ನೆನೆಯುತ್ತದೆ, ಕೆಲಸ ನಿಂತ ಕೂಡಲೇ ನಡುಕ ಹತ್ತುತ್ತದೆ. ಹತ್ತಿ ನಮ್ಮ ಸೆಕೆಗೆ ಹೇಳಿ ಮಾಡಿಸಿದ ಬಟ್ಟೆ. ಬೆವರುವ ಮೈಗೆ, ಚಳಿಯ ಜಾಗದಲ್ಲಿ, ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಬೆವರು ಹೀರಿ ಹೊರಬಿಡುವ ಥರ್ಮಲ್, ಅದರ ಮೇಲೆ ಫ್ಲೀಸ್, ಮೇಲೆ ಗಾಳಿ ತಡೆಯುವ ತೆಳು ಹೊರಪದರ ಬಂದ ಮೇಲೆ ಹೊರೆ ಹೊರುವವರು ನಡುವಿನದನ್ನು ಕಳಚಿಟ್ಟು ಕೆಲಸ ಮಾಡಿ, ನಿಂತಾಗ ಮತ್ತೆ ತೊಡುವುದನ್ನು ರೂಢಿಮಾಡಿಕೊಂಡರು.

ಒಣಗಿಸುವ ಡೇರೆ

ಇದೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಉಡುಪಿನ ಪಟ್ಟಿಯಲ್ಲೇ ಇಲ್ಲದ ಒಂದು ಡೇರೆ. ಕೆಲಸಗಾರರ ಬಿಡಾರ ಮೋರಿಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿತ್ತು. ಮೈ ಕಾಯಿಸಿಕೊಳ್ಳಲು ಅಲ್ಲಿಗೆ ಹೋದವರು ಮರಳಲು ಒಂದು ಗಂಟೆಯಾಗುತ್ತಿತ್ತು, ಇದನ್ನೇ ಮೇಲ್ವಿಚಾರಕರು "ಡೇರೆಗೆ ಹೋಗಿ ಕೂರುವುದು" ಎಂದದ್ದು. ಮೋರಿಯ ಪಕ್ಕದಲ್ಲೇ, ಗಾಳಿಗೆ ಬೆನ್ನು ಮಾಡಿ, ಒಂದು ಡೇರೆ ಹಾಕಿಸಿ ಬುಖಾರಿ ಇಡಿಸಿದೆವು. ಒಳಗೆ ತಂತಿ ಕಟ್ಟಿ ಕೈಗವಸು, ಫೆಲ್ಟಿನ ಪದರ, ಕಾಲುಚೀಲ ಒಣಹಾಕುವ ವ್ಯವಸ್ಥೆ. ಬೆಚ್ಚನೆಯ ಶುದ್ಧ ನೀರಿನ ಕ್ಯಾನು ಅಲ್ಲೇ, ಸಿಮೆಂಟ್ ತಾಗಿದ ಕೈಯನ್ನು ತಕ್ಷಣ ಚೆನ್ನಾಗಿ ತೊಳೆಯಲು. ಮರಗಟ್ಟಿದ ಬೆರಳನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಬೇಕು ಎಂಬುದನ್ನು ಮೇಟ್ ಸಂತಾಲಿಯಲ್ಲಿ ಹೇಳಿಕೊಟ್ಟರು. ನೀರಿನ ಶಾಖ ಅಳೆಯಲು ಕಾಂಕ್ರೀಟಿನ ಥರ್ಮಾಮೀಟರುಗಳಲ್ಲಿ ಒಂದನ್ನು ಅಲ್ಲಿ ತೂಗುಹಾಕಿದೆವು.

ಬುಖಾರಿಯ ವಿಷಯದಲ್ಲಿ ಒಂದು ಪಟ್ಟು ಹಿಡಿಯಬೇಕಾಯಿತು. ಹೊಗೆ ಕೊಳವೆ ಸರಿಯಿಲ್ಲದ ಬುಖಾರಿಯ ಡೇರೆಯನ್ನು ಬಿಗಿಯಾಗಿ ಮುಚ್ಚಿ ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆನೋವು ಬಂದರೆ ಎತ್ತರದ ಕಾಯಿಲೆ ಎಂದುಕೊಳ್ಳುತ್ತಾರೆ. ಹಗಲಿನ ಡೇರೆಯಲ್ಲಿ ರಾತ್ರಿ ಯಾರೂ ಮಲಗಬಾರದು, ಮೇಲಿನ ಗಾಳಿಕಿಂಡಿ ಮುಚ್ಚಬಾರದು ಎಂದು ನಿಯಮ ಮಾಡಿದೆವು. ಬಿಡಾರದ ಡೇರೆಗಳ ಹೊಗೆ ಕೊಳವೆಗಳನ್ನೂ ಬಿಚ್ಚಿ ಮಸಿ ತೆಗೆಸಿದೆವು.

ಗಾಳಿಯೇಳುವ ಹೊತ್ತಿಗೆ ಮಾಲು ಸುರಿಯುವ ಕೆಲಸ ಮುಗಿಯುವಂತೆ ಸಮಯ ಬದಲಾಯಿತು. ಬೆಳಿಗ್ಗೆ ಆರರ ಬದಲು ಬಿಸಿಲು ಬಿದ್ದ ಮೇಲೆ ಶುರು. ದಿನದ ದುಡಿಮೆಯ ಗಂಟೆಗಳು ಕಡಿಮೆಯಾದರೂ ಸುರಿದ ಕಾಂಕ್ರೀಟು ಕಡಿಮೆಯಾಗಲಿಲ್ಲ. ಹೋಗಿಬರುವ ಒಂದೊಂದು ಗಂಟೆ ಉಳಿದಿತ್ತು, ಮಿಕ್ಸರ್ ನಿಂತು ಕಾಯುವುದು ತಪ್ಪಿತ್ತು. ರೆಕ್ಕೆಗೋಡೆಗಳು ಹಿಮ ಮುಚ್ಚುವ ಮೊದಲು ಎದ್ದವು. ಹೊಸದಾಗಿ ಯಾರ ಕೈಗೂ ಸುಟ್ಟಗಾಯ ಆಗಲಿಲ್ಲ. ಲೇಹ್‌ಗೆ ಹೋಗಿದ್ದ ಯುವಕನ ಬೆರಳುಗಳು ಉಳಿದವು, ಎರಡರ ತುದಿಯಲ್ಲಿ ಸ್ಪರ್ಶ ಮಾತ್ರ ಪೂರ್ತಿ ಮರಳಿರಲಿಲ್ಲ. ಕಂಬಿ ಕಟ್ಟುವ ಕೆಲಸ ಕಲಿಯುತ್ತಿದ್ದವನು ಅವನು, ಸ್ಪರ್ಶ ತಪ್ಪಿದ ಬೆರಳಿಗೆ ಆ ಕೆಲಸ ಒಗ್ಗುವುದು ಕಷ್ಟ. ಪರಿಹಾರದ ಅರ್ಜಿಯಲ್ಲಿ ಗಾಯದ ಕಾರಣ "ಕೈಗವಸು ಬಳಸದಿರುವುದು" ಎಂದು ಮೊದಲು ಬರೆದಿದ್ದರು. ಅದನ್ನು ತಿದ್ದಿಸಿ, ಕೊಟ್ಟ ಕೈಗವಸು ಕೆಲಸಕ್ಕೆ ಹೊಂದುವಂಥದ್ದಾಗಿರಲಿಲ್ಲ ಎಂದು ಬರೆಸಲು ಉಡುಪಿಗಿಂತ ಹೆಚ್ಚು ವಾದ ಮಾಡಬೇಕಾಯಿತು.

ಒಂದು ಗಂಟು ಕೊನೆಗೂ ಉಳಿದಿತ್ತು. ಹೊಸ ಜಾಕೆಟ್ಟುಗಳು ಬಂದ ವಾರದಲ್ಲೇ ಹಲವರು ಮತ್ತೆ ಹಳೆಯದನ್ನು ತೊಟ್ಟು ಬಂದರು. ಮಾರಿಕೊಂಡಿರಬೇಕು ಎಂದರು ಮೇಲ್ವಿಚಾರಕರು. ಮೇಟ್ ನನ್ನನ್ನು ಬಿಡಾರಕ್ಕೆ ಕರೆದೊಯ್ದು ತೋರಿಸಿದರು: ಮಡಿಕೆ ಮುರಿಯದ ಜಾಕೆಟ್ಟುಗಳು ಪ್ಲಾಸ್ಟಿಕ್ ಚೀಲದಲ್ಲಿ ಟ್ರಂಕಿನ ತಳಕ್ಕೆ ಸೇರಿದ್ದವು. ಊರಿಗೆ ಹೋಗುವಾಗ ಅಪ್ಪನಿಗೆ, ತಮ್ಮನಿಗೆ ಒಯ್ಯಲು. ಅಷ್ಟು ಒಳ್ಳೆಯ ಬಟ್ಟೆ ಅವರ ಮನೆಗೆ ಬೇರೆ ಯಾವ ದಾರಿಯಿಂದಲೂ ಬರುವುದಿಲ್ಲ. ಸಿಮೆಂಟಿನಲ್ಲಿ ಅದ್ದಿ ಹಾಳು ಮಾಡಲು ಅವರಿಗೆ ಮನಸ್ಸು ಬರಲಿಲ್ಲ.

ಇದಕ್ಕೆ ದಂಡ ಹಾಕುವ ಮಾತು ಬಂದಾಗ ನಾನು ಒಪ್ಪಲಿಲ್ಲ. ಮುಂದಿನ ಋತುವಿನ ಅಂದಾಜುಪಟ್ಟಿಗೆ ಎರಡು ಸಾಲು ಸೇರಿಸುವಂತೆ ಬರೆದುಕೊಟ್ಟೆ. ಒಂದು, ರಕ್ಷಣಾ ಉಡುಪನ್ನು ಗುತ್ತಿಗೆದಾರರ ಮೇಲ್ವೆಚ್ಚದಲ್ಲಿ ಮುಳುಗಿಸದೆ, ಸಿಮೆಂಟು ಕಂಬಿಗಳ ಹಾಗೆ, ಕೆಲಸವಾರು ಮತ್ತು ಅಳತೆವಾರು ಬೇರೆ ಬಾಬ್ತಾಗಿ ತೋರಿಸುವುದು. ಎರಡು, ಋತು ಮುಗಿದು ಊರಿಗೆ ಹೊರಡುವ ದಿನ ಪ್ರತಿಯೊಬ್ಬರಿಗೂ ಕೆಲಸದ ಜಾಕೆಟಿನ ಹೊರತಾಗಿ ಹೊಸದೊಂದು ಜಾಕೆಟ್ ಕೊಡುವುದು, ಮತ್ತು ಹಾಗೆ ಕೊಡುವುದಾಗಿ ಕೆಲಸಕ್ಕೆ ಸೇರಿದ ದಿನವೇ ಅವರ ಭಾಷೆಯಲ್ಲಿ ಹೇಳುವುದು. ಮೊದಲನೆಯದನ್ನು ಒಪ್ಪಿದರು. ಎರಡನೆಯದು ಲೆಕ್ಕಪತ್ರ ವಿಭಾಗದಲ್ಲಿ ಪ್ರಶ್ನೆ ಎಬ್ಬಿಸುತ್ತದೆ ಎಂದು ತಡೆಹಿಡಿದರು.